ಮೊಟ್ಟೆ ಇಟ್ಟಿದೆ, ಮರಿ ಮಾತ್ರ ಉಳಿಯುತ್ತಿಲ್ಲ: ಸಾಕುಗಿಳಿಗಳ ಪಾಲನೆಯಲ್ಲಿ ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಗೂಡುಪೆಟ್ಟಿಗೆಯ ಮುಚ್ಚಳ ತೆರೆದಾಗ ಮರಿಯೊಂದು ಮೂಲೆಯಲ್ಲಿ ತಣ್ಣಗೆ ಬಿದ್ದಿದ್ದರೆ ಬಾಯಿಗೆ ಬರುವ ಮೊದಲ ಮಾತು, "ಈ ಹೆಣ್ಣಿಗೆ ಮರಿ ಸಾಕೋಕೆ ಬರೋದಿಲ್ಲ." ನಾನೂ ಹಾಗೆ ಅಂದುಕೊಂಡೇ ಒಂದು ಬಡ್ಜಿ (ಬಜರಿಗರ್ ಎಂಬ ಪುಟ್ಟ ಗಿಳಿ) ಹೆಣ್ಣನ್ನು ಜೋಡಿಯಿಂದ ಬಿಡಿಸಿದ್ದೆ. ಆಮೇಲೆ ಪೆಟ್ಟಿಗೆ ತೊಳೆಯಲು ಬಿಚ್ಚಿದಾಗ ಹಲಗೆಗಳ ಸಂದಿಯಲ್ಲಿ ಕೆಂಪು ನುಸಿಗಳು ಸಾಲುಗಟ್ಟಿದ್ದವು. ಹಗಲೆಲ್ಲ ಸಂದಿಯಲ್ಲಿ ಅಡಗಿ ರಾತ್ರಿ ಹೊರಬಂದು ರಕ್ತ ಹೀರುವ ಆ ನುಸಿಗಳ ನಡುವೆ ಅದು ಒಂಬತ್ತು ದಿನ ಕಾವು ಕೂತಿದ್ದೇ ಹೆಚ್ಚು. ಅಂದಿನಿಂದ ನಾನು ದೋಷ ಹುಡುಕುವ ಕ್ರಮ ಬದಲಾಗಿದೆ: ಮೊದಲು ಪೆಟ್ಟಿಗೆ, ಆಮೇಲೆ ಮೇವು, ಆಮೇಲೆ ಬೆಳಕು ಮತ್ತು ಗದ್ದಲ, ಆಮೇಲೆ ಅಕ್ಕಪಕ್ಕದ ಹಕ್ಕಿಗಳು, ಆಮೇಲೆ ರೋಗ. ಹಕ್ಕಿಯ ಸ್ವಭಾವದ ಸರದಿ ಕಟ್ಟಕಡೆಗೆ.

ಮೊದಲು ಮರಿ, ಆಮೇಲೆ ಕಾರಣ

ತಣ್ಣಗಾದ ಮರಿಗೆ ಗುಟುಕು ಕೊಡಲು ಹೋಗಬೇಡಿ. ಮೈ ತಣ್ಣಗಿರುವಾಗ ಹೊಟ್ಟೆ ಕೆಲಸ ಮಾಡುವುದಿಲ್ಲ, ಕೊಟ್ಟದ್ದು ಒಳಗೇ ಹುಳಿಯುತ್ತದೆ. ಎರಡೂ ಅಂಗೈ ನಡುವೆ ಹಿಡಿದು ಮೆಲ್ಲಗೆ ಬೆಚ್ಚಗಾಗಿಸಿ. ಸತ್ತೇ ಹೋಗಿದೆ ಎನಿಸಿದ ಮರಿ ಹತ್ತು ಹದಿನೈದು ನಿಮಿಷದಲ್ಲಿ ಬಾಯಿ ತೆರೆದದ್ದನ್ನು ಕಂಡಿದ್ದೇನೆ. ಪುಕ್ಕವೇ ಇಲ್ಲದ ಎಳೆಮರಿಗೆ 35ರಿಂದ 36.5 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಗರಿಮೊಳಕೆ ಬಂದ ಮೇಲೆ ಸುಮಾರು 32 ಸಾಕು, ಮೈತುಂಬ ಗರಿ ಬಂದಮೇಲೆ 26ರ ಆಸುಪಾಸು.

ಮರಿ ಬೆಚ್ಚಗಾದ ಮೇಲೆ ಅದರ ಎದೆಯ ಮೇಲ್ಭಾಗ, ಕುತ್ತಿಗೆಯ ಬುಡ ನೋಡಿ. ಅಲ್ಲಿರುವ ಆಹಾರದ ಚೀಲಕ್ಕೆ ಸಾಕುವವರು ಕ್ರಾಪ್ ಎನ್ನುತ್ತಾರೆ. ಎಳೆಮರಿಯ ಚರ್ಮ ಎಷ್ಟು ತೆಳುವೆಂದರೆ ಒಳಗಿನ ಕಾಳು ಕಣ್ಣಿಗೇ ಕಾಣುತ್ತದೆ. ದೋಷ ಹುಡುಕುವವರಿಗೆ ಇದಕ್ಕಿಂತ ನಂಬಿಕೆಯ ಸಾಕ್ಷಿ ಇನ್ನೊಂದಿಲ್ಲ. ಕ್ರಾಪ್ ತುಂಬಿದೆ, ಮರಿ ತಣ್ಣಗಿದೆ ಎಂದರೆ ತಾಯಿ ಗುಟುಕು ಕೊಟ್ಟಿದೆ. ಮರಿ ಹೇಗೋ ಗುಂಪಿನಿಂದ ಹೊರಬಿದ್ದಿದೆ, ಅಥವಾ ತಾಯಿ ಗಾಬರಿಯಿಂದ ಎದ್ದು ಓಡುವಾಗ ಪುಕ್ಕಕ್ಕೆ ಸಿಕ್ಕಿಕೊಂಡು ಎಳೆದುಬಂದಿದೆ. ಬೆಚ್ಚಗಾಗಿಸಿ ವಾಪಸಿಟ್ಟು ಎರಡು ಗಂಟೆ ಬಿಟ್ಟು ನೋಡಿದರೆ ಸಾಕು. ಕ್ರಾಪ್ ಖಾಲಿ ಎಂದರೆ ಗುಟುಕಿನ ಕಡೆ ತೊಂದರೆ. ಕ್ರಾಪ್ ತುಂಬಿಯೇ ಇದೆ, ಆದರೆ ಬೆಳಗಿನಿಂದ ಇಳಿದಿಲ್ಲ, ಮುಟ್ಟಿದರೆ ಹಿಟ್ಟಿನ ಹಾಗಿದೆ, ಹುಳಿ ವಾಸನೆ ಬರುತ್ತಿದೆ ಎಂದರೆ ಅದು ಪಾಲನೆಯ ದೋಷವಲ್ಲ, ಸೋಂಕು. ಪಕ್ಷಿಗಳನ್ನು ನೋಡುವ ಪಶುವೈದ್ಯರ ಬಳಿಗೆ ಅಂದೇ ಹೋಗಬೇಕು.

ಯಾವ ಹೊತ್ತಿನಲ್ಲಿ ನೋಡುತ್ತೀರಿ ಎಂಬುದೂ ಮುಖ್ಯ. ನಸುಕಿನಲ್ಲಿ ಕ್ರಾಪ್ ಖಾಲಿ ಇರುವುದು ಸಹಜ, ಇರಲೇಬೇಕು ಕೂಡ. ದೀಪ ಆರಿಸುವ ಮುನ್ನ, ಸಂಜೆ, ಅದು ತುಂಬಿ ಉಬ್ಬಿರಬೇಕು. ಬೆಳಗ್ಗೆ ಆರಕ್ಕೆ ನೋಡಿ ಗಾಬರಿಯಾಗಿ ಮರಿ ಎತ್ತಿಕೊಂಡವರು ಎಷ್ಟೋ ಜನ. ಅರ್ಧ ಗಂಟೆ ತಡೆದಿದ್ದರೆ ತಾಯಿಯೇ ತುಂಬಿಸುತ್ತಿತ್ತು. ಹಾಗೆಯೇ ಮೊಟ್ಟೆಯೊಡೆದ ಮೊದಲ ಕೆಲವು ಗಂಟೆ ಕ್ರಾಪ್ ಬರಿದಾಗಿದ್ದರೂ ಚಿಂತೆಯಿಲ್ಲ, ಹೊಟ್ಟೆಯೊಳಗೆ ಉಳಿದಿರುವ ಹಳದಿ ಭಾಗವೇ ಆಗಿನ ಬುತ್ತಿ.

ಕಾವು ಬಿಟ್ಟು ಎದ್ದಿದೆಯೇ, ಇನ್ನೂ ಕೂತೇ ಇಲ್ಲವೇ?

"ಮೊಟ್ಟೆ ಇಟ್ಟು ಎರಡು ದಿನವಾಯಿತು, ಹಕ್ಕಿ ಆಚೆ ಸುತ್ತುತ್ತಿದೆ" ಎಂಬ ದೂರಿನಲ್ಲಿ ಹೆಚ್ಚಿನ ಸಲ ದೂರೇ ಇರುವುದಿಲ್ಲ. ಬಡ್ಜಿ, ತಲೆಯ ಮೇಲೆ ಜುಟ್ಟಿರುವ ಕಾಕಟೀಲ್, ಮೋಟು ಬಾಲದ ಲವ್‌ಬರ್ಡ್‌ಗಳು ಸಾಮಾನ್ಯವಾಗಿ ದಿನ ಬಿಟ್ಟು ದಿನ ಮೊಟ್ಟೆ ಇಡುತ್ತವೆ, ಹಲವು ಹೆಣ್ಣುಗಳು ಎರಡನೆಯದೋ ಮೂರನೆಯದೋ ಬಂದ ಮೇಲಷ್ಟೇ ಗಟ್ಟಿಯಾಗಿ ಕೂರುತ್ತವೆ. ಕಾವೇ ಶುರುವಾಗದ ಮೊಟ್ಟೆ ಕೆಲವು ದಿನ ತಣ್ಣಗಿದ್ದರೂ ಕೆಡದು. ಶುರುವಾದ ಮೇಲೆ ತಣ್ಣಗಾದರೆ ಕಷ್ಟ.

ದಿನದ ಲೆಕ್ಕವನ್ನು ಮೊಟ್ಟೆ ಇಟ್ಟ ದಿನದಿಂದಲ್ಲ, ಕಾವು ಗಟ್ಟಿಯಾದ ದಿನದಿಂದ ಹಾಕಿ. ಬಡ್ಜಿಗೆ ಸುಮಾರು 18 ದಿನ, ಕಾಕಟೀಲ್‌ಗೆ 18ರಿಂದ 21, ಲವ್‌ಬರ್ಡ್‌ಗೆ 21ರಿಂದ 23, ಕತ್ತಿಗೆ ಪಟ್ಟಿಯಿರುವ ರಿಂಗ್‌ನೆಕ್‌ಗೆ 22ರಿಂದ 24, ಆಫ್ರಿಕನ್ ಗ್ರೇಗೆ 28ರಿಂದ 30. ಇದಕ್ಕಿಂತ ನಾಲ್ಕೈದು ದಿನ ಹೆಚ್ಚು ಕೂತು ಎದ್ದುಹೋದ ಹೆಣ್ಣು ಮೊಟ್ಟೆ ಬಿಟ್ಟಿತು ಎನ್ನಬೇಡಿ. ಅದರ ಲೆಕ್ಕ ಸರಿಯಾಗಿಯೇ ಇದೆ.

ಕೂರಬೇಕಾದದ್ದು ಯಾರು ಎಂಬುದೂ ಜಾತಿಯಿಂದ ಜಾತಿಗೆ ಬೇರೆ. ಬಡ್ಜಿಯಲ್ಲಿ ಹೆಣ್ಣೊಂದೇ ಕೂರುತ್ತದೆ, ಗಂಡು ಅದಕ್ಕೆ ಗುಟುಕು ತಂದುಕೊಡುತ್ತದೆ. "ಗಂಡು ಸೋಮಾರಿ, ಕಾವಿಗೆ ಕೂರೋದೇ ಇಲ್ಲ" ಎಂದು ಅದನ್ನು ಬೇರೆ ಪಂಜರಕ್ಕೆ ಹಾಕಿದವರಿದ್ದಾರೆ. ಹೆಣ್ಣು ಹಸಿವು ತಾಳದೆ ಪದೇಪದೇ ಹೊರಗೆ ಬಂದು ಮೊಟ್ಟೆ ತಣ್ಣಗಾಯಿತು, ದೋಷ ಮತ್ತೆ ಹೆಣ್ಣಿನ ತಲೆಗೆ ಬಂತು. ಕಾಕಟೀಲ್‌ಗಳದ್ದು ಪಾಳಿ ಕೆಲಸ: ಹೆಚ್ಚಾಗಿ ಹಗಲು ಗಂಡು, ರಾತ್ರಿ ಹೆಣ್ಣು. ಅಲ್ಲಿ ಒಂದು ಪಾಳಿ ತಪ್ಪಿದರೂ ಮೊಟ್ಟೆ ಕೆಡುತ್ತದೆ, ಹಾಗಾಗಿ ಮೊಟ್ಟೆ ಯಾವ ಹೊತ್ತಿನಲ್ಲಿ ತಣ್ಣಗಿತ್ತು ಎಂದು ಬರೆದಿಟ್ಟರೆ ತಪ್ಪಿಸಿದವರು ತಾವಾಗಿ ಸಿಕ್ಕಿಬೀಳುತ್ತಾರೆ.

ಐದರಿಂದ ಏಳನೆಯ ದಿನಕ್ಕೆ ಕತ್ತಲಲ್ಲಿ ಸಣ್ಣ ಟಾರ್ಚಿಗೆ ಮೊಟ್ಟೆ ಹಿಡಿದು ನೋಡಿ. ಜೇಡರಬಲೆಯಂಥ ಕೆಂಪು ನರಗಳು ಕಂಡರೆ ಜೀವವಿದೆ. ಒಳಗೆ ತಿಳಿಹಳದಿ ಬೆಳಕು ಮಾತ್ರ ಕಂಡರೆ ಗೊಡ್ಡು ಮೊಟ್ಟೆ. ಉಂಗುರದಂತೆ ರಕ್ತದ ಗೆರೆ ಕಂಡರೆ ಜೀವ ಕಟ್ಟಿ ನಿಂತುಹೋಗಿದೆ. ಎಲ್ಲವೂ ಗೊಡ್ಡಾಗಿದ್ದರೆ ಪಾಲನೆಯ ವಿಚಾರ ಬಿಟ್ಟು ಜೋಡಿಯನ್ನೇ ನೋಡಿ: ಕೂಡುವಾಗ ಕೂತ ಕೋಲು ಅಲುಗಾಡುತ್ತಿದೆಯೇ, ಗುದದ ಸುತ್ತ ಪುಕ್ಕ ದಟ್ಟವಾಗಿದೆಯೇ, ಗಂಡು ತೀರಾ ಎಳೆಯದೇ. ಒಂದೇ ಗೂಡಿನಲ್ಲಿ ಎಂಟು ಹತ್ತು ಮೊಟ್ಟೆ ಇದ್ದು ಒಂದೂ ಫಲಿಸಿಲ್ಲವೆಂದರೆ, ನೀವು ಗಂಡೆಂದು ತಂದದ್ದೂ ಹೆಣ್ಣೇ ಇರಬಹುದು. ಲವ್‌ಬರ್ಡ್‌ಗಳಲ್ಲಿ ಇದು ನಗೆಪಾಟಲಾಗುವಷ್ಟು ಸಾಮಾನ್ಯ. ಗೊಡ್ಡು ಮೊಟ್ಟೆಯನ್ನು ಕೂಡಲೇ ಎಸೆಯುವ ಅವಸರವೂ ಬೇಡ, ತೆಗೆದಷ್ಟೂ ಹೆಣ್ಣು ಇನ್ನಷ್ಟು ಇಡಬಹುದು.

ನರ ಕಾಣುವ ಮೊಟ್ಟೆಯನ್ನೇ ಬಿಟ್ಟೆದ್ದರೆ ಮಾತ್ರ ನಿಜವಾದ ದೋಷ. ರಾತ್ರಿ ಹಲಗೆಯ ಸಂದಿಗೆ ಟಾರ್ಚ್ ಹಾಕಿ, ಪೆಟ್ಟಿಗೆಯ ಕೆಳಗೆ ಬಿಳಿ ಕಾಗದ ಇಟ್ಟು ನುಸಿ ನೋಡಿ. ಇದ್ದರೆ ಮೊಟ್ಟೆಗಳನ್ನು ಹೊಸ ಪೆಟ್ಟಿಗೆಗೆ ಬದಲಿಸಿ, ಅದನ್ನು ಅದೇ ಜಾಗದಲ್ಲಿ, ಬಾಯಿ ಅದೇ ದಿಕ್ಕಿಗೆ ಇರುವಂತೆ ತೂಗುಹಾಕಿ. ಹಕ್ಕಿಗೆ ಹಚ್ಚುವ ಔಷಧವನ್ನು ವೈದ್ಯರೇ ಹೇಳಲಿ, ಮನೆಯ ಜಿರಳೆ ಸ್ಪ್ರೇ ಬೇಡ. ನುಸಿ ಇಲ್ಲವೆಂದರೆ ರಾತ್ರಿಯ ಗಾಬರಿ. ಕಾಕಟೀಲ್‌ಗಳು ಕತ್ತಲಲ್ಲಿ ಸಣ್ಣ ಸದ್ದಿಗೂ ಬೆಚ್ಚಿ ಹಾರಿ ಪಂಜರಕ್ಕೆ ಬಡಿದುಕೊಳ್ಳುತ್ತವೆ, ಆಮೇಲೆ ಕತ್ತಲಲ್ಲಿ ಪೆಟ್ಟಿಗೆಯ ಬಾಯಿ ಕಾಣದೆ ಬೆಳಗಿನವರೆಗೆ ಹೊರಗೇ ಉಳಿಯುತ್ತವೆ. ಮಂಕು ದೀಪವೊಂದು ಉರಿಯುತ್ತಿದ್ದರೆ ಈ ತೊಂದರೆ ಬಹುಪಾಲು ಕಡಿಮೆಯಾಗುತ್ತದೆ. ಮೂರನೆಯದು ಪೆಟ್ಟಿಗೆಯ ಒಳಗಿನ ಸೆಕೆ. ಬಿಸಿಲು ನೇರ ಬೀಳುವ ಕಡೆ ತೂಗುಹಾಕಿದ್ದರೆ ಯಾವ ಹಕ್ಕಿಯೂ ಕೂರದು. ನಾಲ್ಕನೆಯದು ನಮ್ಮ ಕುತೂಹಲ, ದಿನಕ್ಕೆ ಆರು ಸಲ ಮುಚ್ಚಳ ಎತ್ತುವುದು.

ಇಷ್ಟೆಲ್ಲ ಸರಿಯಿದ್ದರೂ ಕೂರದ ಹಕ್ಕಿಯ ಬಾಲ್ಯ ಕೇಳಿ ತಿಳಿದುಕೊಳ್ಳಿ. ಕಾಕಟೀಲ್‌ಗಳ ಮೇಲೆ ನಡೆದು 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮನುಷ್ಯರ ಕೈಯಲ್ಲಿ ಬೆಳೆದ ಹೆಣ್ಣುಗಳು ಪೆಟ್ಟಿಗೆ ಬಿಟ್ಟು ಪಂಜರದ ನೆಲದ ಮೇಲೆ ಮೊಟ್ಟೆ ಇಡುವುದು ಹೆಚ್ಚೆಂದು ಕಂಡುಬಂತು. ಕೈಯಲ್ಲಿ ಬೆಳೆದ ಗಂಡುಗಳಿದ್ದ ಜೋಡಿಗಳಲ್ಲಿ ಫಲಿತ ಮೊಟ್ಟೆಯೂ ಕಡಿಮೆಯಿತ್ತು. ಸಾಕಲು ಮುದ್ದಾದ ಹಕ್ಕಿಯೇ ಸಂತಾನಕ್ಕೂ ಒಳ್ಳೆಯದು ಎಂದುಕೊಳ್ಳುವಂತಿಲ್ಲ.

ಒಡೆದ ಮೊಟ್ಟೆ

ತೂತಿನ ಆಕಾರ ನೋಡಿ. ಚುಕ್ಕಿಯಷ್ಟು ಸಣ್ಣ ತೂತು ಉಗುರಿನದು: ಉಗುರು ಬೆಳೆದಿದೆ, ಇಲ್ಲವೇ ಪೆಟ್ಟಿಗೆಯ ಬಾಯಿಯ ನೇರ ಕೆಳಗೇ ಮೊಟ್ಟೆಗಳಿದ್ದು ಹಕ್ಕಿ ಅವುಗಳ ಮೇಲೆ ಜಿಗಿಯುತ್ತಿದೆ. ಮೊಟ್ಟೆ ಇಡುವ ಕುಳಿಯನ್ನು ಬಾಯಿಯಿಂದ ದೂರದ ಮೂಲೆಗೆ ಮಾಡಿಕೊಡಿ. ಚಿಪ್ಪು ಅರ್ಧ ಹೋಗಿ ಒಳಗಿನದೂ ಖಾಲಿಯಾಗಿದ್ದರೆ ತಿಂದಿದೆ. ಉಳಿದ ಚಿಪ್ಪು ಬೆರಳಲ್ಲಿ ಹಿಡಿದರೆ ಕಾಗದದಂತೆ ಬಾಗುತ್ತದೆಯೇ? ಹಾಗಿದ್ದರೆ ಕ್ಯಾಲ್ಸಿಯಂ ಸಾಲದು. ಕಟಲ್‌ಬೋನ್ (ಹಕ್ಕಿ ಕೆರೆದು ತಿನ್ನುವ, ಕಡಲಜೀವಿಯ ಸುಣ್ಣದ ಚಿಪ್ಪು) ಇಟ್ಟಿದ್ದೇನಲ್ಲ ಎನ್ನುವವರು ಡಿ3 ಜೀವಸತ್ವ ಮರೆತಿರುತ್ತಾರೆ; ಅದಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತದು, ಕಿಟಕಿಯ ಗಾಜು ದಾಟಿ ಬಂದ ಬಿಸಿಲಿನಿಂದ ಅದು ತಯಾರಾಗದು. ಇದೇ ಕೊರತೆಯಿಂದ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದೂ ಉಂಟು. ಹೆಣ್ಣು ಪುಕ್ಕ ಉಬ್ಬಿಸಿಕೊಂಡು ನೆಲದ ಮೇಲೆ ಕೂತು, ಉಸಿರಿಗೊಮ್ಮೆ ಬಾಲ ಆಡಿಸುತ್ತಿದ್ದರೆ ಈ ಬರಹ ಮುಚ್ಚಿಟ್ಟು ವೈದ್ಯರಲ್ಲಿಗೆ ಓಡಿ.

ಚಿಪ್ಪು ಗಟ್ಟಿಯಿದ್ದೂ ತಿನ್ನುತ್ತಿದ್ದರೆ ಅದೇ ಗಾತ್ರದ ಪ್ಲಾಸ್ಟಿಕ್ ಮೊಟ್ಟೆ ಇಟ್ಟು ನೋಡಿ. ಕುಕ್ಕಿ ಕುಕ್ಕಿ ಬೇಸರ ಬಂದು ಬಿಡುವುದುಂಟು. ಹಲವು ಜೋಡಿಗಳು ಒಂದೇ ಪಂಜರದಲ್ಲಿದ್ದರೆ ಮಾತ್ರ ಮೊದಲ ಅನುಮಾನ ಪಕ್ಕದ ಮನೆಯ ಹೆಣ್ಣಿನ ಮೇಲೆ. ಬಡ್ಜಿ ಹೆಣ್ಣುಗಳು ಪೆಟ್ಟಿಗೆಗಾಗಿ ಜಗಳವಾಡಿ ಇನ್ನೊಬ್ಬಳ ಮೊಟ್ಟೆ ಒಡೆಯುತ್ತವೆ, ಮರಿಗಳನ್ನೂ ಕೊಲ್ಲುತ್ತವೆ. ಜೋಡಿಗಳಿಗಿಂತ ಹೆಚ್ಚು ಪೆಟ್ಟಿಗೆ, ಎಲ್ಲವೂ ಒಂದೇ ಎತ್ತರದಲ್ಲಿ, ಜೋಡಿಯಿಲ್ಲದ ಹೆಣ್ಣು ಒಳಗೆ ಬೇಡ. ಇದಕ್ಕೂ ಬಗ್ಗದಿದ್ದರೆ ಜೋಡಿಗೊಂದು ಪಂಜರ.

ಗುಟುಕು ನಿಂತಿದೆ

ಎಲ್ಲ ಮರಿಗಳ ಕ್ರಾಪ್ ಖಾಲಿಯೇ, ಒಂದರದು ಮಾತ್ರವೇ? ಈ ಒಂದು ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ಕೊನೆಯ ಮರಿಯದು ಮಾತ್ರ ಖಾಲಿ ಎಂದರೆ ಅದು ವಯಸ್ಸಿನ ಅಂತರದ ಪೆಟ್ಟು. ದಿನ ಬಿಟ್ಟು ದಿನ ಇಟ್ಟ ಐದು ಮೊಟ್ಟೆಗಳಿಗೆ ಮೊದಲಿನಿಂದಲೇ ಕಾವು ಸಿಕ್ಕಿದರೆ, ಕೊನೆಯದು ಹುಟ್ಟುವ ಹೊತ್ತಿಗೆ ಹಿರಿಯ ಮರಿಗೆ ಎಂಟು ದಿನ. ಕತ್ತು ನೀಳ ಚಾಚಿ ಕೂಗುವ ದಡಿಯನ ಎದುರು ಕಣ್ಣೂ ತೆರೆಯದ ಕೂಸು. ತಾಯಿಯ ತಪ್ಪೇನಿಲ್ಲ. ಅಂಥದೇ ವಯಸ್ಸಿನ ಮರಿಗಳಿರುವ ಇನ್ನೊಂದು ಜೋಡಿಯಿದ್ದರೆ ಹಿರಿಯದನ್ನೋ ಕಿರಿಯದನ್ನೋ ಅಲ್ಲಿಗೆ ದಾಟಿಸಿ. ಹಿರಿಯದನ್ನು ದಾಟಿಸುವುದೇ ನನಗೆ ಸರಿಯೆನಿಸುತ್ತದೆ, ಹೊಸ ಗೂಡಿನಲ್ಲಿ ಕೂಗಿ ಕೇಳಿ ತಿನ್ನುವ ಶಕ್ತಿ ಅದಕ್ಕಿರುತ್ತದೆ. ಇನ್ನೊಂದು ಜೋಡಿ ಇಲ್ಲದಿದ್ದರೆ ಕಿರಿಯದಕ್ಕೆ ದಿನಕ್ಕೆರಡು ಸಲ ನೀವೇ ಗುಟುಕು ಕೊಟ್ಟು ಗೂಡಿನಲ್ಲೇ ಬಿಡಿ, ಶಾಖ ತಾಯಿಯದೇ ಇರಲಿ.

ಎಲ್ಲವೂ ಖಾಲಿ ಎಂದರೆ ಗುಟುಕಿನ ಸರಪಳಿ ಎಲ್ಲೋ ಕಡಿದಿದೆ. ಬಡ್ಜಿ, ಲವ್‌ಬರ್ಡ್‌ಗಳಲ್ಲಿ ಶುರುವಿನ ದಿನಗಳಲ್ಲಿ ಗಂಡು ಹೆಣ್ಣಿಗೆ ಕೊಡುತ್ತದೆ, ಹೆಣ್ಣು ಮರಿಗೆ ಕೊಡುತ್ತದೆ. ಹಾಗಾಗಿ ಮೊದಲು ಗಂಡನ್ನು ನೋಡಿ: ಪೆಟ್ಟಿಗೆಯ ಬಾಯಿಗೆ ಬಂದು ಕಕ್ಕಿ ಕೊಡುತ್ತಿದೆಯೇ, ಎದೆಮೂಳೆ ಚೂಪಾಗಿ ಸೊರಗಿದೆಯೇ? ಆಮೇಲೆ ತಟ್ಟೆ. ಬರೀ ಒಣ ಕಾಳಿನ ಮೇಲೆ ನಾಲ್ಕೈದು ಮರಿ ಸಾಕುವುದು ಕಷ್ಟ. ಬೇಯಿಸಿದ ಮೊಟ್ಟೆ, ಮೊಳಕೆ ಕಾಳು, ಸೊಪ್ಪಿನಂಥ ಮೆತ್ತನೆ ಮೇವು ಬೇಕು. ಅದನ್ನು ಮರಿ ಹುಟ್ಟಿದ ದಿನ ತಂದಿಟ್ಟರೆ ಪ್ರಯೋಜನವಿಲ್ಲ. ಗಿಳಿಗಳು ಹೊಸ ತಿನಿಸಿಗೆ ಅಂಜುತ್ತವೆ, ವಾರಗಟ್ಟಲೆ ಮುಟ್ಟದಿರುವುದೂ ಉಂಟು. ಗೂಡುಪೆಟ್ಟಿಗೆ ಕಟ್ಟುವ ಮೊದಲೇ ಅಭ್ಯಾಸ ಮಾಡಿಸಿರಬೇಕು. ಮೆತ್ತನೆ ಮೇವು ಕೆಲವೇ ಗಂಟೆಗಳಲ್ಲಿ ಕೆಡುತ್ತದೆ ಎಂಬುದು ಗೊತ್ತಿದ್ದೂ ನಾವು ಸಂಜೆಯವರೆಗೆ ಬಿಟ್ಟಿರುತ್ತೇವೆ.

ತಟ್ಟೆ, ಗಂಡು ಎರಡೂ ಸರಿಯಿದ್ದು ಚೊಚ್ಚಲ ಹೆಣ್ಣು ಮರಿಯನ್ನು ಬರೀ ನೋಡುತ್ತ ಕೂತಿದ್ದರೆ, ಅದಕ್ಕೆ ಏನು ಮಾಡಬೇಕೆಂದು ಇನ್ನೂ ಹೊಳೆದಿಲ್ಲ. ಆಗತಾನೆ ಹುಟ್ಟಿದ ಮರಿಯ ದನಿ ತೀರಾ ಕ್ಷೀಣ. ಬೇರೆ ಗೂಡಿನಿಂದ ಮೂರು ನಾಲ್ಕು ದಿನದ, ಗಟ್ಟಿಯಾಗಿ ಕೂಗುವ ಮರಿಯೊಂದನ್ನು ಕೆಲವು ಗಂಟೆ ಕೂರಿಸಿ ನೋಡಿ. ಅದರ ಕೂಗಿಗೆ ಕಕ್ಕಲು ಶುರುಮಾಡಿದ ಹೆಣ್ಣು ಮುಂದೆ ತನ್ನ ಮರಿಗೂ ಕೊಡುತ್ತದೆ. ನನ್ನ ಕೈಯಲ್ಲಿ ಇದು ಪ್ರತಿ ಸಲ ಫಲಿಸಿಲ್ಲ, ಫಲಿಸಿದಾಗ ಮಾತ್ರ ಆ ಹೆಣ್ಣು ಮುಂದೆಂದೂ ತೊಂದರೆ ಕೊಟ್ಟಿಲ್ಲ.

ಮರಿ ಅದಲುಬದಲು ಮಾಡುವ ಮೊದಲು ಒಂದು ಎಚ್ಚರಿಕೆ. ಕ್ರಾಪ್ ತುಂಬಿದ, ನಿನ್ನೆಯವರೆಗೆ ಚೆನ್ನಾಗಿದ್ದ ಮರಿಗಳು 10ರಿಂದ 20 ದಿನದ ವಯಸ್ಸಿನಲ್ಲಿ ಒಂದರ ಹಿಂದೊಂದು ಸಾಯುತ್ತಿದ್ದರೆ, ಹೊಟ್ಟೆ ಉಬ್ಬಿ ಚರ್ಮದಡಿ ರಕ್ತ ಹೆಪ್ಪುಗಟ್ಟಿದ್ದರೆ, ಪಾಲಿಯೋಮಾ ವೈರಸ್ ಇರಬಹುದು. ಆಗ ಒಂದು ಮರಿಯನ್ನೂ ಇನ್ನೊಂದು ಗೂಡಿಗೆ ಕೊಡಬೇಡಿ, ಹೊಸ ಮೊಟ್ಟೆಗೆ ಅವಕಾಶ ಕೊಡಬೇಡಿ, ಪರೀಕ್ಷೆ ಮಾಡಿಸಿ. ತಾಯಿಯನ್ನು ಬದಲಿಸಿ ಬದಲಿಸಿ ರೋಗವನ್ನು ಮನೆತುಂಬ ಹಂಚಿದಂತಾಗುತ್ತದೆ.

ನೀವೇ ಗುಟುಕು ಕೊಡಬೇಕಾಗಿ ಬಂದರೆ ಬೆರಳಿನ ಅಂದಾಜು ನಂಬದೆ ಥರ್ಮಾಮೀಟರ್ ಹಿಡಿಯಿರಿ. ಮರಿಗಳಿಗೆಂದೇ ಸಿಗುವ ಪುಡಿಯನ್ನು ಕಲಸಿದ ಹಿಟ್ಟು 39ರಿಂದ 41 ಡಿಗ್ರಿ ಇರಬೇಕು. 43 ದಾಟಿದರೆ ಕ್ರಾಪ್ ಒಳಗಿಂದ ಸುಟ್ಟು ಕೆಲವು ದಿನಗಳಲ್ಲಿ ತೂತೇ ಬೀಳಬಹುದು, ತಣ್ಣಗಾದರೆ ಕ್ರಾಪ್ ಇಳಿಯದೆ ನಿಲ್ಲುತ್ತದೆ. ಮೈಕ್ರೋವೇವ್ ಬೇಡ, ಒಂದು ಕಡೆ ಉಗುರುಬೆಚ್ಚಗಿದ್ದು ಇನ್ನೊಂದು ಕಡೆ ಕುದಿಯುತ್ತಿರುತ್ತದೆ. ಒಂದು ಸಲಕ್ಕೆ ಮರಿಯ ತೂಕದ ಹತ್ತನೇ ಒಂದು ಭಾಗದಷ್ಟು. ದಿನಾ ಬೆಳಗ್ಗೆ ಗುಟುಕಿಗೆ ಮುಂಚೆ ಗ್ರಾಂ ತಕ್ಕಡಿಯಲ್ಲಿ ತೂಗಿ ಬರೆಯಿರಿ. ಎಳೆಮರಿಯ ತೂಕ ಒಂದು ದಿನ ಏರದೆ ನಿಂತರೂ ಅದು ಸುಳಿವು. ಎರಡನೇ ಬೆಳಗ್ಗೆಯೂ ನಿಂತಿದ್ದರೆ, ಅಥವಾ ಇಳಿದಿದ್ದರೆ, ಪೂರ್ತಿ ಕೈಗೆ ತೆಗೆದುಕೊಳ್ಳುವ ಹೊತ್ತು. ಹುಟ್ಟಿದ ಮರುದಿನ ಸಂಜೆಯೂ ಕ್ರಾಪಿನಲ್ಲಿ ಏನೂ ಇಲ್ಲವೆಂದರೆ ಅಷ್ಟೂ ಕಾಯಬಾರದು. ಎರಡು ಗಂಟೆಗೊಮ್ಮೆ ಏಳಬೇಕಾದ ಈ ಕೆಲಸ ನಿಮ್ಮಿಂದ ಆಗುವುದೇ ಎಂದು ಮೊಟ್ಟೆ ಬರುವ ಮೊದಲೇ ಯೋಚಿಸಿರಬೇಕು. ಮರಿ ಕೈಗೆ ಬಂದ ಮೇಲೆ ಯೋಚಿಸಲು ಸಮಯವಿರುವುದಿಲ್ಲ.

ಗರಿ ಕೀಳುವುದು ಬೇರೆ, ಕಚ್ಚುವುದು ಬೇರೆ

ಮೂರು ನಾಲ್ಕು ವಾರದ ಮರಿಯ ಕತ್ತಿನ ಹಿಂದೆ, ಬೆನ್ನ ಮೇಲೆ ಬೋಳಾಗಿದ್ದರೆ ತಂದೆಯೋ ತಾಯಿಯೋ ಗರಿ ಕೀಳುತ್ತಿದೆ. ಕಾಕಟೀಲ್, ಲವ್‌ಬರ್ಡ್‌ಗಳಲ್ಲಿ ಹೆಚ್ಚು. ಸಾಮಾನ್ಯ ಕಾರಣ ಮುಂದಿನ ಮೊಟ್ಟೆಯ ಆತುರ: ಪೆಟ್ಟಿಗೆ ಖಾಲಿ ಮಾಡು ಎಂದು ಬೆಳೆದ ಮರಿಗೆ ಹೇಳುವ ಬಗೆ ಅದು. ಎರಡನೇ ಪೆಟ್ಟಿಗೆ ಕಟ್ಟಿಕೊಟ್ಟರೆ ಹಲವು ಜೋಡಿಗಳು ಅಲ್ಲಿಗೆ ಹೋಗಿ ಮರಿಯನ್ನು ಬಿಡುತ್ತವೆ. ಇಲ್ಲದಿದ್ದರೆ ಮರಿಗಳನ್ನು ಅದೇ ಪಂಜರದೊಳಗೆ ಸರಳಿನ ಸಣ್ಣ ಪಂಜರದಲ್ಲಿಡಿ. ತಂದೆತಾಯಿ ಸರಳಿನ ನಡುವೆಯೇ ಗುಟುಕು ಕೊಡುತ್ತವೆ, ಬೆನ್ನಿಗೆ ಕೊಕ್ಕು ತಲುಪುವುದಿಲ್ಲ. ಕಹಿ ದ್ರಾವಣ ಹಚ್ಚುವುದರಿಂದ ನನಗಂತೂ ಏನೂ ಲಾಭವಾಗಿಲ್ಲ, ಮರಿ ಒದ್ದೆಯಾಗಿ ನಡುಗಿದ್ದೇ ಬಂತು.

ಕಿತ್ತ ಗರಿ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಬೆನ್ನು ಚೆನ್ನಾಗಿದ್ದು ರೆಕ್ಕೆಯ ಉದ್ದ ಗರಿ ಮತ್ತು ಬಾಲದ ಗರಿ ಎರಡೂ ಕಡೆ ಸಮವಾಗಿ ಉದುರಿ, ಬುಡದಲ್ಲಿ ಒಣರಕ್ತ ಕಂಡರೆ ಯಾರೂ ಕಿತ್ತಿಲ್ಲ. ಅದು ಫ್ರೆಂಚ್ ಮೋಲ್ಟ್, ಹಿಂದೆ ಹೇಳಿದ ಪಾಲಿಯೋಮಾ ಅಥವಾ ಸರ್ಕೋ ವೈರಸ್‌ನ ಗುರುತು.

ರಕ್ತ ಬಂದಿದ್ದರೆ, ಬೆರಳು, ರೆಕ್ಕೆ, ಕೊಕ್ಕಿಗೆ ಗಾಯವಾಗಿದ್ದರೆ, ಆ ಮರಿಗಳ ಮಟ್ಟಿಗೆ ಎರಡನೇ ಅವಕಾಶ ಎಂಬುದಿಲ್ಲ. ಮರಿಗಳನ್ನು ತೆಗೆದು, ಆಮೇಲೆ ಯಾರು ಎಂದು ಹುಡುಕಿ. ಪೆಟ್ಟಿಗೆಯಲ್ಲಿ ಸಣ್ಣ ಕ್ಯಾಮೆರಾ ಇದ್ದರೆ ಒಂದು ರಾತ್ರಿಯಲ್ಲಿ ಗೊತ್ತಾಗುತ್ತದೆ. ಗಂಡೇ ಎಂದಾದರೆ ಅದನ್ನು ಬೇರೆ ಹಾಕಿ, ಎರಡು ಮೂರು ಮರಿಗಳನ್ನು ಹೆಣ್ಣೊಂದೇ ಸಾಕಬಲ್ಲದು, ತಟ್ಟೆ ತುಂಬಿರಬೇಕಷ್ಟೇ. ಬಡ್ಜಿಯಲ್ಲಿ ಗೂಡು ಬಿಟ್ಟ ಮರಿಯನ್ನು ತಾಯಿ ಅಟ್ಟಾಡಿಸಿದರೆ ಮರಿಗಳನ್ನು ತಂದೆಯ ಜೊತೆ ಬೇರೆ ಪಂಜರಕ್ಕೆ ಕಳಿಸಿ, ಕಾಳು ಒಡೆಯುವುದನ್ನು ಕಲಿಯುವವರೆಗೆ ಗುಟುಕು ಕೊಡುವುದು ಅಲ್ಲಿ ಹೆಚ್ಚಾಗಿ ತಂದೆಯೇ. ಜುಟ್ಟಿನ ದೊಡ್ಡ ಗಿಳಿಗಳಾದ ಕಾಕಟೂಗಳದ್ದು ಬೇರೆಯೇ ಕಥೆ. ಅಲ್ಲಿ ಗಂಡು ಜೋಡಿಯ ಹೆಣ್ಣನ್ನೇ ಕೊಂದ ಉದಾಹರಣೆಗಳು ಬೇಕಾದಷ್ಟಿವೆ. ಹೆಣ್ಣು ಮೂಲೆಗೆ ಸಿಕ್ಕಿಬೀಳದಂತೆ ಪೆಟ್ಟಿಗೆಗೆ ಎರಡು ಬಾಯಿ, ಗಂಡಿನ ಹಾರಾಟ ನಿಧಾನವಾಗುವಂತೆ ರೆಕ್ಕೆಗರಿ ಕತ್ತರಿಸುವುದು, ಇವೆರಡೂ ಜೋಡಿ ಕಟ್ಟುವ ಮೊದಲೇ ಆಗಬೇಕು.

ಕಾಲು, ಕೊಕ್ಕು

ಕಪ್ಪೆಯಂತೆ ಕಾಲು ಎರಡೂ ಕಡೆ ಚಾಚಿದ ಮರಿ ಕಂಡರೆ ಪೆಟ್ಟಿಗೆಯ ತಳ ಮುಟ್ಟಿ ನೋಡಿ, ಬರೀ ನುಣುಪು ಹಲಗೆಯಿರುತ್ತದೆ. ದಪ್ಪ ಮರದ ಹೊಟ್ಟು ಹಾಕಿ, ದೇವದಾರಿನದು ಬೇಡ. ಮೊದಲ ಎರಡು ವಾರದೊಳಗಾದರೆ ಕಾಲುಗಳನ್ನು ಮೆತ್ತನೆ ಪಟ್ಟಿಯಿಂದ ಸರಿಯಾದ ಅಂತರಕ್ಕೆ ಕಟ್ಟಿ ತಿದ್ದಬಹುದು, ಎಲುಬು ಗಟ್ಟಿಯಾದ ಮೇಲೆ ಆಗದು. ಮೇಲ್ಕೊಕ್ಕಿನ ಒಳಗೆ ಒಣಗಿ ಅಂಟಿದ ಗುಟುಕನ್ನು ವಾರಕ್ಕೆರಡು ಸಲ ಒದ್ದೆ ಹತ್ತಿಯಿಂದ ತೆಗೆಯುತ್ತಿರಿ, ಬಡ್ಜಿ ಮರಿಯ ಕೊಕ್ಕು ಸೊಟ್ಟಗಾಗುವುದು ಹಲವು ಸಲ ಅಲ್ಲಿಂದಲೇ.

ಮತ್ತೆ ಜೋಡಿ ಮಾಡುವ ಮುನ್ನ

ಕೆಟ್ಟುಹೋದ ಕಾವಿನ ನಂತರ ಪೆಟ್ಟಿಗೆ ತೆಗೆದುಬಿಡಿ. ಪೆಟ್ಟಿಗೆ ಕಣ್ಣೆದುರಿದ್ದರೆ, ಮೆತ್ತನೆ ಮೇವು ಮತ್ತು ಉದ್ದ ಹಗಲು ಮುಂದುವರಿದರೆ, ಹೆಣ್ಣು ಸೋತ ಮೈಯಲ್ಲೇ ಮತ್ತೆ ಮೊಟ್ಟೆ ಇಡುತ್ತದೆ. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಮುಂದಿನ ಸಲ ಪೆಟ್ಟಿಗೆ ಬದಲಿಸಿ, ಜಾಗ ಬದಲಿಸಿ, ಜೊತೆಗಾರ ಅದೇ ಇರಲಿ. ಆಗಲೂ ಅದೇ ಹಂತದಲ್ಲಿ ಅದೇ ದೋಷ ಬಂದರೆ ಮೂರನೇ ಸಲಕ್ಕೆ ಜೊತೆಗಾರ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದೇ ತಿಳಿಯದು. ಮೂರರಲ್ಲೂ ಮರಿಗೆ ಗಾಯ ಮಾಡಿದ ಹಕ್ಕಿಗೆ ಮತ್ತೆ ಪೆಟ್ಟಿಗೆ ತೋರಿಸಬೇಡಿ, ತಾನಾಗಿ ಮೊಟ್ಟೆ ಇಟ್ಟರೆ ಪ್ಲಾಸ್ಟಿಕ್ ಮೊಟ್ಟೆ ಕೊಟ್ಟು ಸಾಕಾಗುವವರೆಗೆ ಕೂರಲು ಬಿಡಿ.